ತಾಲಿಲಿನ್ ರೈಲು: ಟವಿನ್‌ನಿಂದ ನಾಂಟ್ ಗ್ವೆರ್ನೋಲ್‌ವರೆಗೆ ಏಳೂಕಾಲು ಮೈಲಿ

ಬೋಗಿಯ ಬಾಗಿಲುಗಳೆಲ್ಲ ಒಂದೇ ಪಕ್ಕಕ್ಕೆ ಇರುವುದನ್ನು ಮೊದಲು ಗಮನಿಸಿದವರು ಅಪ್ಪ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಫಿಟ್ಟರ್ ಆಗಿ ದುಡಿದವರಾದ್ದರಿಂದ ಅವರು ರೈಲು ಹತ್ತಿದ ಕೂಡಲೇ ಕೂರುವುದಿಲ್ಲ. ಚಿಲಕ, ತಿರುಪು, ಸ್ಪ್ರಿಂಗು ಎಲ್ಲವನ್ನೂ ಒಮ್ಮೆ ಕೈಯಾಡಿಸಿ ನೋಡಿದ ಮೇಲೆಯೇ ಅವರಿಗೆ ಸಮಾಧಾನ. ಇನ್ನೊಂದು ಪಕ್ಕದ ಬಾಗಿಲುಗಳು ಏಕೆ ತೆರೆಯುವುದಿಲ್ಲ ಎಂದು ಅವರು ಕೇಳಿದಾಗ, ಹಿರಿಯ ವಯಸ್ಸಿನ ಗಾರ್ಡ್ ತಮ್ಮ ಹಸಿರು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ವಿವರಿಸಿದರು. 1866ರಲ್ಲಿ ಸರ್ಕಾರದ ಪರವಾಗಿ ಹಳಿಯನ್ನು ಪರೀಕ್ಷಿಸಲು ಬಂದ ಕ್ಯಾಪ್ಟನ್ ಟೈಲರ್ ಎಂಬ ಅಧಿಕಾರಿ, ಹಳಿಯ ಮೇಲೆ ಹಾದುಹೋಗುವ ಸೇತುವೆಗಳ ಕಮಾನುಗಳು ಇಕ್ಕಟ್ಟಾಗಿವೆ ಎಂದು ಕಂಡುಕೊಂಡರಂತೆ. ಬೋಗಿಗೂ ಕಮಾನಿನ ಗೋಡೆಗೂ ನಡುವೆ ಎರಡೂವರೆ ಅಡಿ ಇರಬೇಕಾದಲ್ಲಿ ಎರಡಡಿಯೂ ಇರಲಿಲ್ಲ. ರೈಲು ಸೇತುವೆಯ ಕೆಳಗೆ ನಿಂತುಬಿಟ್ಟರೆ ಒಳಗಿದ್ದವರು ಹೊರಬರುವಂತಿರಲಿಲ್ಲ. ಸೇತುವೆಗಳನ್ನು ಕೆಡವಿ ಕಟ್ಟುವ ಬದಲು ಅಂದಿನ ಮಾಲೀಕರು ಪ್ರತಿ ಬೋಗಿಯ ಒಂದು ಪಕ್ಕದ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿಸಿ, ಸೇತುವೆಗಳ ಕೆಳಗೆ ಹಳಿಯನ್ನೇ ತುಸು ಪಕ್ಕಕ್ಕೆ ಸರಿಸಿದರು. ಆ ವ್ಯವಸ್ಥೆ ಇಂದಿಗೂ ಹಾಗೆಯೇ ಇದೆ. ಅದನ್ನು ವಿವರಿಸಿದ ಗಾರ್ಡ್ ಸಂಬಳದ ನೌಕರರಲ್ಲ. ರೈಲನ್ನು ಎಳೆಯುತ್ತಿದ್ದ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ನೂ ಸಂಬಳದವರಲ್ಲ.

ವೇಲ್ಸ್‌ನ ಪಶ್ಚಿಮ ಕರಾವಳಿಯ ಟವಿನ್ ಎಂಬ ಸಣ್ಣ ಊರಿನಿಂದ ಒಳನಾಡಿನ ಬೆಟ್ಟಗಳತ್ತ ಏಳೂಕಾಲು ಮೈಲಿ, ಅಂದರೆ ಹನ್ನೆರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರ ಓಡುವ ಈ ತಾಲಿಲಿನ್ ರೈಲು, ಜಗತ್ತಿನಲ್ಲಿ ಸ್ವಯಂಸೇವಕರು ಕೈಗೆತ್ತಿಕೊಂಡು ಉಳಿಸಿದ ಮೊದಲ ರೈಲುಮಾರ್ಗ. ಹೆಸರಿನ ಬಗ್ಗೆ ಒಂದು ಮಾತು: ಎರಡು ಎಲ್ ಕೂಡಿದಾಗ ಬರುವ ವೆಲ್ಷ್ ಉಚ್ಚಾರಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ, ನಾಲಗೆಯನ್ನು ಲಕಾರದ ಜಾಗದಲ್ಲಿಟ್ಟು ಉಸಿರನ್ನು ಪಕ್ಕದಿಂದ ಊದಬೇಕು. ನಾನು ಕನ್ನಡಕ್ಕೆ ಒಗ್ಗುವಂತೆ ತಾಲಿಲಿನ್ ಎಂದೇ ಬರೆಯುತ್ತೇನೆ. ‘ಲಿನ್’ ಎಂದರೆ ಕೆರೆ ಅಥವಾ ಸರೋವರ. ಆದರೆ ಈ ರೈಲು ಆ ಹೆಸರಿನ ಸರೋವರದವರೆಗೆ ಹೋಗುವುದಿಲ್ಲ, ಎಂದೂ ಹೋಗಿರಲಿಲ್ಲ ಎಂಬುದನ್ನು ಸರೋವರ ನೋಡುವ ಆಸೆಯಿಂದ ಹೊರಡುವವರು ಮೊದಲೇ ತಿಳಿದಿರುವುದು ಒಳ್ಳೆಯದು.

ನಾವು ಬರ್ಮಿಂಗ್‌ಹ್ಯಾಮಿನಿಂದ ಸಾಮಾನ್ಯ ರೈಲಿನಲ್ಲೇ ಹೋದೆವು. ಮಖಂಥ್ಲೆತ್ ಎಂಬಲ್ಲಿ ರೈಲು ಎರಡಾಗಿ ಒಡೆದು ಒಂದು ಭಾಗ ಅಬೆರಿಸ್ಟ್‌ವಿತ್‌ಗೂ ಇನ್ನೊಂದು ಭಾಗ ಕಡಲ ಅಂಚನ್ನು ಹಿಡಿದು ಉತ್ತರಕ್ಕೂ ಹೋಗುತ್ತದೆ. ಸರಿಯಾದ ಭಾಗದಲ್ಲಿ ಕುಳಿತಿದ್ದೀರೋ ಇಲ್ಲವೋ ಎಂಬುದನ್ನು ಹತ್ತುವಾಗಲೇ ಕೇಳಿಕೊಳ್ಳಬೇಕು. ಟವಿನ್ ನಿಲ್ದಾಣದಿಂದ ತಾಲಿಲಿನ್ ರೈಲಿನ ಮೊದಲ ನಿಲ್ದಾಣವಾದ ‘ವಾರ್ಫ್’ಗೆ ಕೆಲವೇ ನಿಮಿಷಗಳ ನಡಿಗೆ. ವಾರ್ಫ್ ಎಂದರೆ ಬಂದರಿನ ಕಟ್ಟೆ ಎಂದು ನಾವು ತಿಳಿದಿದ್ದೆವು, ಆದರೆ ಅಲ್ಲಿ ನೀರೂ ಇಲ್ಲ, ಹಡಗೂ ಇಲ್ಲ. ಬೆಟ್ಟದಿಂದ ಇಳಿದು ಬಂದ ಸ್ಲೇಟು ಕಲ್ಲನ್ನು ದೊಡ್ಡ ರೈಲಿನ ವ್ಯಾಗನ್ನುಗಳಿಗೆ ತುಂಬುತ್ತಿದ್ದ ಜಾಗ ಅದು.

ಈ ಹಾದಿ ಹುಟ್ಟಿದ್ದರ ಹಿಂದಿನ ಕಾರಣ ನಮಗೆ ಅಪರಿಚಿತವಾದುದೇನಲ್ಲ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ, ಅಲ್ಲಿಯ ಮೆಕಾನೆಲ್ ಎಂಬ ಗಿರಣಿ ಮನೆತನ ತನ್ನ ಹಣವನ್ನು ಬೇರೆಡೆ ತೊಡಗಿಸಲು ಮುಂದಾಗಿ ಬ್ರಿನ್ ಎಗ್ಲೂಸ್ ಎಂಬ ಸ್ಲೇಟು ಗಣಿಯನ್ನು ಹಿಡಿಯಿತು. ಅದೇ ಹತ್ತಿಯ ಬರ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ತಂದು, ಎತ್ತಿನ ಗಾಡಿಗಳ ಸಾಲು ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುವಂತೆ ಮಾಡಿತ್ತು. ಧಾರವಾಡ ಸೀಮೆಯಲ್ಲೇ ಹುಟ್ಟಿ ಬೆಳೆದ ಅಪ್ಪನಿಗೆ ಈ ನಂಟು ತುಂಬ ಹಿಡಿಸಿತು. ಗಣಿಯ ಕಲ್ಲನ್ನು ಕತ್ತೆ ಕುದುರೆಗಳ ಬೆನ್ನಿನ ಮೇಲೆ ಸಾಗಿಸುವುದು ನಷ್ಟದ ಬಾಬತ್ತಾದ್ದರಿಂದ ರೈಲು ಬಂತು. 1865ರಲ್ಲಿ ಸಂಸತ್ತಿನ ಕಾಯಿದೆಯಾಯಿತು. ಮೊದಲಿನಿಂದಲೇ ಉಗಿ ಎಂಜಿನ್ ಓಡಿಸುವ ಉದ್ದೇಶದಿಂದ ಕಟ್ಟಿದ ಹಾದಿ ಇದು. ಆಗ ವೈಟ್‌ಹೇವನ್ನಿನ ಫ್ಲೆಚರ್ ಜೆನ್ನಿಂಗ್ಸ್ ಕಾರ್ಖಾನೆಯಿಂದ ಬಂದ ಎರಡು ಎಂಜಿನ್‌ಗಳು, 1ನೇ ಸಂಖ್ಯೆಯ ‘ತಾಲಿಲಿನ್’ ಮತ್ತು 2ನೇ ಸಂಖ್ಯೆಯ ‘ಡೊಲ್ಗೊಖ್’, ಇಂದಿಗೂ ಈ ರೈಲಿನ ಬಳಿಯೇ ಇವೆ.

ಹಳಿಗಳ ನಡುವಿನ ಅಗಲ ಎರಡು ಅಡಿ ಮೂರು ಅಂಗುಲ, ಅಂದರೆ 686 ಮಿಲಿಮೀಟರ್. ಬ್ರಿಟನ್ನಿನಲ್ಲಿಯೂ ಇದು ಅಪರೂಪದ ಗೇಜು. ವಾರ್ಫ್ ನಿಲ್ದಾಣದ ಕಟ್ಟಡದಲ್ಲೇ ಇರುವ ನ್ಯಾರೋ ಗೇಜ್ ವಸ್ತುಸಂಗ್ರಹಾಲಯದಲ್ಲಿ ಅಪ್ಪ ಬಾಗಿ, ಹಳಿಯಿಂದ ಹಳಿಗೆ ಗೇಣಿಟ್ಟು ಅಳೆದರು. ಸರಿಯಾಗಿ ಮೂರು ಗೇಣು. ಮೀಟರ್ ಗೇಜಿನ ಮೇಲೆ ಬದುಕು ಕಳೆದ ಅವರು ಎದ್ದು ನಿಂತು, ಮೂರು ಗೇಣಿನ ಮೇಲೆ ನೂರೈವತ್ತು ವರ್ಷಕ್ಕಿಂತ ಹೆಚ್ಚು ಕಾಲ ಓಡಿದೆಯಲ್ಲ ಎಂದರು.

ಓಡಿದ್ದು ಸುಮ್ಮನೆ ಅಲ್ಲ. 1911ರಲ್ಲಿ ಗಣಿಯನ್ನೂ ರೈಲನ್ನೂ ಕೊಂಡ ಸರ್ ಹೆನ್ರಿ ಹೇಡನ್ ಜೋನ್ಸ್ ಆ ಜಿಲ್ಲೆಯ ಸಂಸತ್ ಸದಸ್ಯರಾಗಿದ್ದವರು. 1946ರ ಕೊನೆಯಲ್ಲಿ ಗಣಿ ಕುಸಿದು ಮುಚ್ಚಿಹೋಯಿತು. ಕಲ್ಲಿನ ಸಾಗಣೆ ನಿಂತ ಮೇಲೂ, ತಾನು ಬದುಕಿರುವವರೆಗೆ ರೈಲು ನಡೆಸುತ್ತೇನೆಂದು ಕೊಟ್ಟ ಮಾತಿಗೆ ತಪ್ಪದೆ ಅವರು ಕೈಯಿಂದ ಹಣ ಹಾಕಿ ನಡೆಸಿದರು. 1948ರಲ್ಲಿ ಬ್ರಿಟನ್ನಿನ ರೈಲುಗಳೆಲ್ಲ ರಾಷ್ಟ್ರೀಕರಣಗೊಂಡಾಗ ಈ ಸಣ್ಣ ಹಾದಿ ಪಟ್ಟಿಯಿಂದ ಹೊರಗುಳಿಯಿತು. ಅಷ್ಟು ಹೊತ್ತಿಗೆ ಸ್ಲೀಪರುಗಳು ಲಡ್ಡಾಗಿ, ಬೇರುಬಿಟ್ಟ ಹುಲ್ಲೇ ಹಳಿಗಳನ್ನು ಹಿಡಿದುಕೊಂಡಿದೆ ಎನ್ನುವ ಸ್ಥಿತಿ ಬಂದಿತ್ತು. ಎರಡು ಎಂಜಿನ್‌ಗಳಲ್ಲಿ ‘ತಾಲಿಲಿನ್’ ಕೆಟ್ಟು ನಿಂತಿತ್ತು. ‘ಡೊಲ್ಗೊಖ್’ ಒಂದೇ ಏದುಸಿರು ಬಿಡುತ್ತ ಓಡುತ್ತಿತ್ತು. 1950ರ ಜುಲೈನಲ್ಲಿ ಸರ್ ಹೇಡನ್ ತೀರಿಕೊಂಡರು.

ಕಾಲುವೆಗಳ ಉಳಿವಿಗಾಗಿ ಆಗಲೇ ಹೋರಾಡಿ ಹೆಸರಾಗಿದ್ದ ಎಂಜಿನಿಯರ್ ಟಾಮ್ ರೋಲ್ಟ್ 1949ರಲ್ಲೇ ಬರ್ಮಿಂಗ್‌ಹ್ಯಾಮಿನ ಪತ್ರಿಕೆಗೆ ಪತ್ರ ಬರೆದು ಈ ರೈಲಿನ ಕಡೆಗೆ ಜನರ ಗಮನ ಸೆಳೆದಿದ್ದರು. 1950ರ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನ ಇಂಪೀರಿಯಲ್ ಹೋಟೆಲಿನಲ್ಲಿ ಸಭೆ ಕರೆದಾಗ ಎಪ್ಪತ್ತರಷ್ಟು ಜನ ಸೇರಿದರು. ರೈಲು ಎಂದರೆ ಸರ್ಕಾರದ್ದು ಅಥವಾ ಕಂಪನಿಯದ್ದು, ಅದನ್ನು ಕಚೇರಿ ಗುಮಾಸ್ತರೂ ಶಾಲಾ ಮೇಷ್ಟ್ರುಗಳೂ ಬಿಡುವಿನಲ್ಲಿ ನಡೆಸಬಹುದೆಂದು ಅಲ್ಲಿಯವರೆಗೆ ಯಾರೂ ಯೋಚಿಸಿರಲಿಲ್ಲ. ಯೋಚಿಸಿದ್ದರೂ ಮಾಡಿ ತೋರಿಸಿರಲಿಲ್ಲ. ಅಲ್ಲಿ ರೂಪುಗೊಂಡ ಸಂಘ, ಸರ್ ಹೇಡನ್ ಅವರ ಪತ್ನಿಯ ಒಪ್ಪಿಗೆಯೊಂದಿಗೆ, 1951ರ ಮೇ 14ರಂದು ತನ್ನ ಮೊದಲ ರೈಲನ್ನು ಬಿಟ್ಟಿತು. ರೋಲ್ಟ್ ಮೊದಲ ವ್ಯವಸ್ಥಾಪಕರಾದರು.

ಆ ಮೊದಲ ವರ್ಷದ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಹತ್ತಿರದಲ್ಲೇ 1948ರಲ್ಲಿ ಮುಚ್ಚಿದ್ದ ಕಾರಿಸ್ ರೈಲು ಇದೇ ಮೂರು ಗೇಣಿನ ಗೇಜಿನದು. ಅದರ ಎರಡು ಎಂಜಿನ್‌ಗಳನ್ನು ಸಂಘ ತಲಾ 25 ಪೌಂಡಿಗೆ ಕೊಂಡಿತು. 3ನೇ ಸಂಖ್ಯೆಯದನ್ನು ಹಳಿಗಿಳಿಸಿದರೆ ಅದು ಮತ್ತೆ ಮತ್ತೆ ಹಳಿ ತಪ್ಪುತ್ತಿತ್ತು. ಹುಡುಕಿದಾಗ ತಿಳಿದದ್ದೇನೆಂದರೆ, ತಮ್ಮ ಹಳಿಯ ಅಗಲ ಹೆಸರಿಗೆ ಮಾತ್ರ ಎರಡು ಅಡಿ ಮೂರು ಅಂಗುಲ. ಗಾಲಿಗಳ ನಡುವೆ ಹೆಚ್ಚು ಅಂತರವಿದ್ದ ಹಳೆಯ ‘ತಾಲಿಲಿನ್’ ತಿರುವುಗಳಲ್ಲಿ ಸಲೀಸಾಗಿ ಸಾಗಲೆಂದು ಹಳಬರು ಬೇಕೆಂದೇ ಅಗಲ ಬಿಟ್ಟಿದ್ದರು. ಅಂದರೆ, ಕೊಂಡ ಎಂಜಿನ್ ಓಡಬೇಕಾದರೆ ಹಾದಿಯನ್ನೇ ಹೊಸದಾಗಿ ಹಾಕಬೇಕು. ಕೈಯಲ್ಲಿ ಹಣವಿಲ್ಲದ, ವಾರಾಂತ್ಯಕ್ಕೆ ಮಾತ್ರ ಬರಬಲ್ಲ ಜನ ಆ ಕೆಲಸಕ್ಕೆ ಇಳಿದರು. 4ನೇ ಸಂಖ್ಯೆಯ ಎಂಜಿನ್ನಿಗೆ ಅದೃಷ್ಟ ಬೇರೆ ರೀತಿ ಒದಗಿತು: ಲೀಡ್ಸ್‌ನ ಹನ್ಸ್‌ಲೆಟ್ ಕಾರ್ಖಾನೆಯ ಮುಖ್ಯಸ್ಥರೇ ಸಂಘದ ಸದಸ್ಯರಾಗಿದ್ದುದರಿಂದ ಅದರ ದುರಸ್ತಿ ಉಚಿತವಾಗಿ ನಡೆದು, ಮರುವರ್ಷ ಸೇವೆಗೆ ಬಂತು.

ನಮ್ಮ ರೈಲಿಗೆ ಕಟ್ಟಿದ್ದು ಆ 4ನೇ ಸಂಖ್ಯೆಯ ‘ಎಡ್ವರ್ಡ್ ಥಾಮಸ್’ ಎಂಜಿನ್ನನ್ನೇ. 1921ರಲ್ಲಿ ಸ್ಟೋಕ್‌ನ ಕೆರ್ ಸ್ಟೂವರ್ಟ್ ಕಾರ್ಖಾನೆಯಲ್ಲಿ ತಯಾರಾದದ್ದು. ಬಾಯ್ಲರಿನ ಬೆನ್ನಿನ ಮೇಲೆ ಜೀನಿನಂತೆ ಕುಳಿತ ನೀರಿನ ತೊಟ್ಟಿ, ಎತ್ತರದಲ್ಲಿ ಅಪ್ಪನ ತಲೆಗಿಂತ ತುಸು ಮೇಲೆ. ಹೊರಡುವ ಮುನ್ನ ಅರ್ಧ ಗಂಟೆ ನಾವು ಅದರ ಪಕ್ಕದಲ್ಲೇ ನಿಂತಿದ್ದೆವು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಫೈರ್‌ಮನ್ ಹುಡುಗಿಯೊಬ್ಬಳು ಉದ್ದ ಮೂತಿಯ ಎಣ್ಣೆ ಕ್ಯಾನು ಹಿಡಿದು ಒಂದೊಂದೇ ಎಣ್ಣೆ ಬಟ್ಟಲಿನ ಬಿರಡೆ ತೆಗೆದು, ಒಳಗೆ ಇಣುಕಿ, ಎಣ್ಣೆ ಹಾಕಿ, ಬಿರಡೆ ತಿರುಗಿಸಿ, ಚೆಲ್ಲಿದ ಒಂದು ತೊಟ್ಟನ್ನೂ ಬಿಡದೆ ಹತ್ತಿ ಅರಿವೆಯಿಂದ ಒರೆಸಿ ಮುಂದಿನದಕ್ಕೆ ಹೋಗುತ್ತಿದ್ದಳು. ಕೊನೆಯ ಬಟ್ಟಲಾದ ಮೇಲೆ ಕನೆಕ್ಟಿಂಗ್ ರಾಡಿನ ತುದಿಗೆ ಅಂಗೈಯ ಹಿಂಬದಿ ತಾಗಿಸಿ ನೋಡಿದಳು. ಬೇರಿಂಗ್ ಬಿಸಿಯಾಗಿದೆಯೇ ಎಂದು ನೋಡಲು ಅಂಗೈ ಇಡಬಾರದು, ಹಿಂಗೈ ಇಡಬೇಕು ಎಂದು ತಮಗೆ ಕಲಿಸಿದ್ದ ಹುಬ್ಬಳ್ಳಿಯ ಮೇಸ್ತ್ರಿಯನ್ನು ಅಪ್ಪ ಆಗ ನೆನೆದರು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ. ಆ ಹುಡುಗಿಗೆ ಕನ್ನಡ ಬಾರದು. ಆದರೂ ಇಂಜೆಕ್ಟರ್, ಗೇಜ್ ಗ್ಲಾಸ್, ರೆಗ್ಯುಲೇಟರ್, ಬ್ಲೋವರ್ ಎಂಬ ಪದಗಳನ್ನು ಬೆರಳಿನಿಂದ ತೋರಿಸುತ್ತ ಇಬ್ಬರೂ ಹತ್ತು ನಿಮಿಷ ಮಾತಾಡಿಕೊಂಡರು. ವಾರದ ದಿನಗಳಲ್ಲಿ ಆಕೆ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಎಂಜಿನ್ ಉಜ್ಜುವ ಕ್ಲೀನರ್ ಕೆಲಸದಿಂದ ಆರಂಭಿಸಿ, ಪರೀಕ್ಷೆಗಳನ್ನು ದಾಟಿ ಫೈರ್‌ಮನ್ ಆಗಿದ್ದಾಳೆ. ಡ್ರೈವರ್ ಆಗಲು ಇನ್ನೂ ವರ್ಷಗಳು ಬೇಕು.

ಈ ರೈಲನ್ನು ನಾನು ಮೆಚ್ಚುವುದಕ್ಕೆ ಮುಖ್ಯ ಕಾರಣ ಇಲ್ಲಿದೆ. ಬಿಟ್ಟಿ ಕೆಲಸಕ್ಕೆ ಗುಣ ಕೇಳಬಾರದು ಎಂಬ ಸಡಿಲತನ ಇಲ್ಲಿ ಎಲ್ಲಿಯೂ ಕಾಣಲಿಲ್ಲ. ಸಂಬಳಕ್ಕಿರುವ ನೌಕರರು ಬೆರಳೆಣಿಕೆಯಷ್ಟಿದ್ದು, ಗಾರ್ಡ್, ಸಿಗ್ನಲ್‌ಮನ್, ಟಿಕೆಟ್ ಕೊಡುವವರು, ಹಳಿ ರಿಪೇರಿಯ ತಂಡ, ಬೇಲಿ ಕಟ್ಟುವವರು, ಹೂಕುಂಡಕ್ಕೆ ನೀರು ಹಾಕುವವರು ಬಹುಪಾಲು ಸ್ವಯಂಸೇವಕರೇ. ಆದರೆ ಕೆಲಸದ ನಿಯಮಗಳು ರೈಲ್ವೆಯವೇ. ಒಂಟಿ ಹಳಿಯ ಹಾದಿಯಲ್ಲಿ ಮುಂದೆ ಸಾಗಲು ಅನುಮತಿಯ ಗುರುತಾದ ಟೋಕನ್ ಡ್ರೈವರ್ ಕೈಗೆ ಬಾರದೆ ಗಾಲಿ ಉರುಳುವುದಿಲ್ಲ. ಬ್ರಿಟನ್ನಿನ ದೊಡ್ಡ ರೈಲುಗಳನ್ನು ನೋಡಿಕೊಳ್ಳುವ ಸುರಕ್ಷತಾ ಇಲಾಖೆಯೇ ಇವರನ್ನೂ ಪರಿಶೀಲಿಸುತ್ತದೆ. ಬಾಯ್ಲರನ್ನು ಸುಮಾರು ಹತ್ತು ವರ್ಷಗಳಿಗೊಮ್ಮೆ ಪೂರ್ತಿ ಬಿಚ್ಚಿ, ಕೊಳವೆಗಳನ್ನು ತೆಗೆದು ಪರೀಕ್ಷಿಸಿ ಮರುಜೋಡಿಸಬೇಕು. ಆ ಖರ್ಚಿಗೆ ಟಿಕೆಟ್ ಹಣ ಸಾಲುವುದಿಲ್ಲ, ದೇಣಿಗೆಗಳೇ ಆಧಾರ.

ವಾರ್ಫ್ ಬಿಟ್ಟ ಕೂಡಲೇ ಸಿಗುವ ಪೆಂಡ್ರೆಯಲ್ಲಿ ಇವರ ವರ್ಕ್‌ಶಾಪು ಇದೆ. 7ನೇ ಸಂಖ್ಯೆಯ ‘ಟಾಮ್ ರೋಲ್ಟ್’ ಎಂಜಿನ್ ಹೊರಬಂದದ್ದು ಅಲ್ಲಿಂದಲೇ. ಐರ್ಲೆಂಡಿನ ಜೌಗು ನೆಲದಲ್ಲಿ ಪೀಟ್ ಎಂಬ ಉರುವಲು ಮಣ್ಣನ್ನು ಸಾಗಿಸಲು ತಯಾರಾಗಿದ್ದ, ಮೂರು ಅಡಿ ಗೇಜಿನ ಒಂದು ಎಂಜಿನ್ನನ್ನು 1969ರಲ್ಲಿ ಕೊಂಡು ತಂದರು. ಹಣ ಇದ್ದಾಗ ಕೈಹಾಕಿ, ಇಲ್ಲದಾಗ ಮುಚ್ಚಿಟ್ಟು, ಬಹುಮಟ್ಟಿಗೆ ಹೊಸದೇ ಎನ್ನುವಂತೆ ಮರುನಿರ್ಮಿಸಿದ ಆ ಎಂಜಿನ್ ಸೇವೆಗೆ ಬಂದದ್ದು 1991ರಲ್ಲಿ. ಇಪ್ಪತ್ತೆರಡು ವರ್ಷ ಒಂದು ಕೆಲಸವನ್ನು ಕೈಬಿಡದೆ ಹಿಡಿದುಕೊಂಡವರು ಯಾವ ಸಂಬಳದ ಆಸೆಗೂ ಹಾಗೆ ಮಾಡಲಾರರು ಎಂದು ನಾನು ನಂಬುತ್ತೇನೆ.

ಪ್ರಯಾಣದ ಮಾತಿಗೆ ಬರುತ್ತೇನೆ. ಮೇಲಕ್ಕೆ ಹತ್ತಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಊರಿನ ಹಿತ್ತಿಲುಗಳನ್ನು ದಾಟಿದ ಮೇಲೆ ಕುರಿಗಳು ಮೇಯುವ ಹಸಿರು ಗದ್ದೆಗಳು, ಮುರಿದ ಸ್ಲೇಟು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಬೇಲಿಗಳು, ರಿಡರೋನೆನ್, ಬ್ರಿನ್‌ಗ್ಲಾಸ್ ಎಂಬ ಅಂಗೈಯಗಲದ ನಿಲ್ದಾಣಗಳು. ಹಾದಿ ಕಣಿವೆಯ ದಕ್ಷಿಣ ಮಗ್ಗುಲನ್ನು ಹಿಡಿದು ನಿಧಾನವಾಗಿ ಏರುತ್ತದೆ. ಓಕ್ ಮರಗಳು ಕಿಟಕಿಗೆ ತೀರ ಹತ್ತಿರ ಬರುತ್ತವೆ. ಡೊಲ್ಗೊಖ್‌ಗೆ ಮುಂಚೆ 51 ಅಡಿ ಎತ್ತರದ ಇಟ್ಟಿಗೆ ಸೇತುವೆಯ ಮೇಲೆ ರೈಲು ಹಾದುಹೋಗುತ್ತದೆ. ಕೆಳಗೆ ಕಂದರದಲ್ಲಿ ಹಳ್ಳದ ಸದ್ದು ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸುತ್ತದೆ. ಡೊಲ್ಗೊಖ್‌ನಲ್ಲಿ ಎಂಜಿನ್ ನೀರು ಕುಡಿಯುವಷ್ಟು ಹೊತ್ತು ನಿಲ್ಲುತ್ತದೆ. ನಿಲ್ದಾಣದಿಂದ ಸ್ವಲ್ಪ ನಡೆದರೆ ಜಲಪಾತಗಳಿವೆ. ಜೋಗ ಕಂಡವರಿಗೆ ಅವುಗಳ ಎತ್ತರ ದೊಡ್ಡದಲ್ಲ, ಆದರೆ ಪಾಚಿ ಹಿಡಿದ ಕಾಡಿನ ನಡುವಿನ ಆ ತಂಪು ನಮ್ಮ ಮಲೆನಾಡಿನದೇ.

ಅಬೆರ್‌ಗನೋಲ್ವಿನ್ ನಿಲ್ದಾಣದಿಂದ ಆಚೆಗಿನ ತುಂಡು ಹಾದಿ ಮೊದಲು ಗಣಿಯ ಕಲ್ಲಿಗಷ್ಟೇ ಮೀಸಲಾಗಿತ್ತು. ಪ್ರಯಾಣಿಕರ ರೈಲು ಅಲ್ಲಿಗೆ ಹೋಗುತ್ತಿರಲಿಲ್ಲ. ಸ್ವಯಂಸೇವಕರೇ ಅದನ್ನು ಸರಿಪಡಿಸಿ 1976ರ ಮೇ ತಿಂಗಳಲ್ಲಿ ನಾಂಟ್ ಗ್ವೆರ್ನೋಲ್‌ವರೆಗೆ ರೈಲು ತಂದರು. ಅದು ವಾಹನ ರಸ್ತೆಯೇ ಇಲ್ಲದ ನಿಲ್ದಾಣ. ರೈಲಿನಲ್ಲಿ ಬರಬೇಕು ಇಲ್ಲವೇ ಕಾಡಿನ ಕಾಲುದಾರಿಯಲ್ಲಿ ನಡೆದು ಬರಬೇಕು. ಗಣಿಯಿಂದ ಸ್ಲೇಟು ತುಂಬಿದ ವ್ಯಾಗನ್ನುಗಳನ್ನು ಇಳಿಸುತ್ತಿದ್ದ ಇಳಿಜಾರಿನ ಬುಡ ಅಲ್ಲೇ ಕಾಣುತ್ತದೆ. ಆ ಕಲ್ಲನ್ನು ಸೀಳಿ ಮನೆಯ ಮಾಡಿಗೆ ಹೊದಿಸಿದವರ ಕೈಕೆಲಸವನ್ನು ನೆನೆಯದೆ ಅಲ್ಲಿಂದ ಹಿಂತಿರುಗುವುದು ಸರಿಯಲ್ಲ. ಪಾಟಿಯ ಮೇಲೆ ಅಕ್ಷರ ತಿದ್ದಿದ ನಮ್ಮ ತಲೆಮಾರಿಗೆ ಸ್ಲೇಟೆಂದರೆ ಬರೀ ಕಲ್ಲಲ್ಲ. 2021ರಲ್ಲಿ ಯುನೆಸ್ಕೊ ವಾಯವ್ಯ ವೇಲ್ಸ್‌ನ ಸ್ಲೇಟು ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಗಣಿ, ಅಬೆರ್‌ಗನೋಲ್ವಿನ್ ಹಳ್ಳಿ ಮತ್ತು ಈ ರೈಲು ಮೂರೂ ಅದರೊಳಗೆ ಬಂದವು.

ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಥಾಮಸ್ ಎಂಬ ಪುಟ್ಟ ಎಂಜಿನ್ನಿನ ಕತೆಗಳನ್ನು ಬರೆದ ಪಾದ್ರಿ ಆಡ್ರಿ ಇಲ್ಲಿ ಆರಂಭದ ವರ್ಷಗಳಲ್ಲಿ ಸ್ವಯಂಸೇವಕರಾಗಿದ್ದವರು. ಅವರ ಓದುಕೋಣೆಯನ್ನು ಹಾಗೆಯೇ ಜೋಡಿಸಿಟ್ಟಿದ್ದಾರೆ, ಮಕ್ಕಳಿದ್ದರೆ ಅದನ್ನು ತಪ್ಪಿಸಬೇಡಿ. ಉಪಾಹಾರ ಗೃಹದಲ್ಲಿ ಬಾರಾ ಬ್ರಿತ್ ಎಂಬ ಒಣದ್ರಾಕ್ಷಿಯ ರೊಟ್ಟಿ ಚಹಾ ಜೊತೆಗೆ ಚೆನ್ನಾಗಿರುತ್ತದೆ. ಇಲ್ಲಿನ ಫಲಕಗಳಲ್ಲಿ ವೆಲ್ಷ್ ಭಾಷೆಗೂ ಇಂಗ್ಲಿಷಿಗೂ ಸಮಾನ ಸ್ಥಾನವಿದೆ ಎಂಬುದನ್ನು ಕನ್ನಡಿಗನಾಗಿ ನಾನು ಸಂತೋಷದಿಂದ ಗಮನಿಸಿದೆ.

ಯಾರಿಗೆ ಇದು ಹಿಡಿಸಲಾರದು ಎಂಬುದನ್ನೂ ಹೇಳಬೇಕು. ವೇಗ ಬಯಸುವವರಿಗಲ್ಲ. ಹಳೆಯ ಬೋಗಿಗಳು ಮರದವು, ಕಿರಿದು. ಆರಡಿ ಮೀರಿದವರು ಮೊಣಕಾಲು ಮಡಚಿಯೇ ಕೂರಬೇಕು. ಚಳಿಗಾಲದಲ್ಲಿ ರೈಲುಗಳು ಕೆಲವೇ ದಿನ ಓಡುವುದರಿಂದ ವೇಳಾಪಟ್ಟಿ ನೋಡದೆ ಹೊರಡಬಾರದು. ಊಟಿಯ ರೈಲಿನ ಟಿಕೆಟ್ ದರದ ಲೆಕ್ಕದಲ್ಲಿ ನೋಡಿದರೆ ಇಲ್ಲಿಯದು ದುಬಾರಿ ಎನ್ನಿಸುತ್ತದೆ. ಆದರೆ ಆ ರೈಲಿನ ಹಿಂದೆ ಭಾರತೀಯ ರೈಲ್ವೆ ಇದೆ, ಇದರ ಹಿಂದೆ ಇರುವುದು ಸದಸ್ಯರ ಚಂದಾ ಮತ್ತು ಬೆವರು. ಕಲ್ಲಿದ್ದಲೂ ಈಗ ಸುಲಭವಲ್ಲ. ವೇಲ್ಸ್‌ನ ದೊಡ್ಡ ತೆರೆದ ಗಣಿಯಾಗಿದ್ದ ಫೋಸ್-ಇ-ಫ್ರಾನ್ 2023ರಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಬ್ರಿಟನ್ನಿನ ಉಗಿ ರೈಲುಗಳೆಲ್ಲ ದೂರದಿಂದ ಬರುವ ಕಲ್ಲಿದ್ದಲನ್ನು, ಪುಡಿಯನ್ನು ಒತ್ತಿ ಮಾಡಿದ ಉಂಡೆಗಳನ್ನು ಪರೀಕ್ಷಿಸುತ್ತಿವೆ. ಎಣ್ಣೆ ಕ್ಯಾನು ಹಿಡಿದ ಆ ಹುಡುಗಿಯಂಥವರು ಇನ್ನಷ್ಟು ಬಾರದಿದ್ದರೆ, ವಯಸ್ಸಾದ ಗಾರ್ಡ್‌ಗಳ ನಂತರ ಬಾವುಟ ಹಿಡಿಯುವವರು ಯಾರು ಎಂಬ ಚಿಂತೆಯೂ ಇಂಥ ರೈಲುಗಳಿಗಿದೆ.

ಹಿಂತಿರುಗುವಾಗ ಅಪ್ಪ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಹೋಗುತ್ತಿದ್ದ ಎರಡು ಅಡಿ ಗೇಜಿನ ರೈಲಿನ ಮಾತು ತೆಗೆದರು. ಅದರ ಹಳಿ ಕಿತ್ತು ದಶಕಗಳೇ ಆದವು. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗಿನ ನ್ಯಾರೋ ಗೇಜೂ ಹೋಯಿತು, ಬ್ರಾಡ್ ಗೇಜ್ ಬಂತು. ನಂದಿ ಹಾಲ್ಟ್, ದೇವನಹಳ್ಳಿಯಂಥ ಹಳೆಯ ನಿಲ್ದಾಣ ಕಟ್ಟಡಗಳ ಜೀರ್ಣೋದ್ಧಾರವನ್ನು ಪರಂಪರೆಯ ಉಳಿವಿಗಾಗಿ ದುಡಿಯುವ ಇಂಟಾಕ್ ಸಂಸ್ಥೆಯ ಬೆಂಗಳೂರು ಘಟಕ ಕೈಗೆತ್ತಿಕೊಂಡದ್ದು ನನಗೆ ನಿಜವಾದ ಸಮಾಧಾನ ಕೊಟ್ಟ ಸುದ್ದಿ. ಕಟ್ಟಡದ ಮುಂದೆ ಮೂರು ಗೇಣು ಹಳಿಯ ಮೇಲೆ ಒಂದು ಎಂಜಿನ್ನೂ ಉಸಿರಾಡುವಂತಿದ್ದರೆ ಎಂದು ಟವಿನ್‌ನಿಂದ ಬರುವ ದಾರಿಯುದ್ದಕ್ಕೂ ನಾವಿಬ್ಬರೂ ಮಾತಾಡಿಕೊಂಡೆವು.

ನೀವು ಹೋಗುವುದಾದರೆ ಬೆಳಗಿನ ಮೊದಲ ರೈಲು ಹಿಡಿಯಿರಿ, ಹೊರಡುವುದಕ್ಕೆ ಅರ್ಧ ಗಂಟೆ ಮೊದಲೇ ವಾರ್ಫ್ ತಲುಪಿ ಎಂಜಿನ್ನಿನ ಬಳಿ ನಿಲ್ಲಿರಿ. ನಾಂಟ್ ಗ್ವೆರ್ನೋಲ್‌ವರೆಗೆ ಹೋಗಿ, ಬರುವಾಗ ಡೊಲ್ಗೊಖ್‌ನಲ್ಲಿ ಇಳಿದು ಜಲಪಾತ ನೋಡಿಕೊಂಡು ಮುಂದಿನ ರೈಲಿಗೆ ಹತ್ತಬಹುದು. ಮರಳುವ ರೈಲಿನ ಹೊತ್ತನ್ನು ಗಾರ್ಡ್ ಬಳಿ ಕೇಳಿಟ್ಟುಕೊಳ್ಳಿ. ಬೇಸಿಗೆಯಲ್ಲೂ ಮಳೆ ಬರುವ ಸೀಮೆ, ಕೊಡೆ ಇರಲಿ. ಇಳಿಯುವಾಗ ಬಾಗಿಲು ಯಾವ ಪಕ್ಕಕ್ಕೆ ಎಂದು ಹುಡುಕಬೇಕಾಗಿಲ್ಲ, ಎಲ್ಲವೂ ಒಂದೇ ಪಕ್ಕಕ್ಕೆ ತೆರೆಯುತ್ತವೆ.